ಕಿತ್ತಳೆಗೆ ಚಳಿ ಬೇಕು, ನಿಂತ ನೀರು ಬೇಡ

ಚಾರ್ಮಾಡಿ ಘಾಟಿ ಹತ್ತಿ ಬರುವವರಿಗೆ ಕೊಟ್ಟಿಗೆಹಾರ ನೆನಪಿನಲ್ಲಿ ಉಳಿಯುವುದು ನೀರುದೋಸೆಯಿಂದ ಮತ್ತು ಮಂಜಿನಿಂದ. ಮಂಗಳೂರಿನ ಕಡೆಯಿಂದ ಬಂದ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಬಣಕಲ್, ಮೂಡಿಗೆರೆಯತ್ತ ಸಾಗುತ್ತದೆ. ಇನ್ನೊಂದು ರಸ್ತೆ ಕಳಸ, ಹೊರನಾಡು, ಕುದುರೆಮುಖದ ದಿಕ್ಕಿಗೆ ಹೋಗುತ್ತದೆ. ಹೆದ್ದಾರಿ ಬಿಟ್ಟು ತೋಟದ ಮಣ್ಣುದಾರಿ ಹಿಡಿದರೆ ಈ ಸೀಮೆಯ ಇನ್ನೊಂದು ಸಂಪತ್ತು ಕಣ್ಣಿಗೆ ಬೀಳುತ್ತದೆ. ಮನೆಯ ಹಿತ್ತಲಲ್ಲಿ, ದನದ ಕೊಟ್ಟಿಗೆಯ ಬದಿಯಲ್ಲಿ, ಕಾಫಿ ಕಣದ ಅಂಚಿನಲ್ಲಿ ಒಂದಲ್ಲ ಒಂದು ಹುಳಿಮರ ನಿಂತಿರುತ್ತದೆ. ಕಿತ್ತಳೆ, ಚಕ್ಕೋತ, ಹೇರಳೆ, ಕಂಚಿ, ಮಾದಲ, ಗಜನಿಂಬೆ, ನಿಂಬೆ. ಅಂಗಡಿಯಿಂದ ತಂದ ಗೊಬ್ಬರ ಕಾಣದೆ, ಯಾರ ಲೆಕ್ಕದ ಪುಸ್ತಕದಲ್ಲೂ ಸೇರದೆ, ಮನೆಮಂದಿಗೂ ನೆಂಟರಿಗೂ ಕೂಲಿಯಾಳುಗಳ ಲೈನ್‌ಮನೆಗೂ ವರ್ಷವರ್ಷ ಹಣ್ಣು ಕೊಟ್ಟ ಮರಗಳು ಇವು.

ಈಗ ಇವು ಒಂದೊಂದಾಗಿ ಒಣಗುತ್ತಿವೆ. ಹೊಸದಾಗಿ ನೆಟ್ಟ ಸಸಿಗಳು ಮೂರು-ನಾಲ್ಕು ಮಳೆಗಾಲ ಕಾಣುವುದರೊಳಗೆ ಹಳದಿ ತಿರುಗುತ್ತವೆ. ಕಾರಣ ಕೇಳಿದರೆ ಬಹಳ ಮಂದಿ ದೂರುವುದು ಚಳಿಯನ್ನು: ಮಂಜು ಬಿದ್ದು ಗಿಡ ಹೋಯಿತು, ಇಬ್ಬನಿಗೆ ಹೂ ಉದುರಿತು. ಇದು ತಪ್ಪು ತಿಳಿವಳಿಕೆ. ನಮ್ಮ ಮಲೆನಾಡಿನ ಚಳಿ ಈ ಮರಗಳ ಶತ್ರುವಲ್ಲ, ಅವುಗಳ ಹಣ್ಣಿಗೆ ಬಣ್ಣ ಕೊಡುವುದೇ ಆ ಚಳಿ. ಕೊಲ್ಲುವುದು ಬುಡದಲ್ಲಿ ನಿಂತ ಮಳೆನೀರು ಮತ್ತು ನಾವೇ ದುಡ್ಡು ಕೊಟ್ಟು ತಂದ ರೋಗದ ಸಸಿ. ಇವೆರಡನ್ನೂ ತಡೆಯುವುದು ನಮ್ಮ ಕೈಯಲ್ಲಿದೆ.

ಹೆಪ್ಪುಗಟ್ಟುವ ಚಳಿ, ಬಣ್ಣ ಕೊಡುವ ಚಳಿ

ನಿಂಬೆ ಜಾತಿಯ ಮರಗಳಿಗೆ ಚಳಿಯ ಭಯ ಇಲ್ಲವೆಂದಲ್ಲ. ಉಷ್ಣಾಂಶ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದು ಕೆಲವು ಗಂಟೆ ಹಾಗೇ ನಿಂತರೆ ಹಣ್ಣಿನೊಳಗಿನ ರಸ ಹೆಪ್ಪುಗಟ್ಟಿ ತೊಳೆಗಳು ಒಡೆಯುತ್ತವೆ. ಇನ್ನೂ ಇಳಿದರೆ ಎಲೆ, ಆಮೇಲೆ ರೆಂಬೆ, ಕೊನೆಗೆ ಕಾಂಡ ಸಾಯುತ್ತದೆ. ಈ ಪೆಟ್ಟು ಎಲ್ಲ ಜಾತಿಗೂ ಒಂದೇ ಸಮ ಬೀಳುವುದಿಲ್ಲ. ಮಾದಲ ಮತ್ತು ನಿಂಬೆ ಎಲ್ಲಕ್ಕಿಂತ ಸೂಕ್ಷ್ಮ. ಚಕ್ಕೋತ, ಮೂಸಂಬಿ ಸ್ವಲ್ಪ ಗಟ್ಟಿ. ಕಿತ್ತಳೆಯ ಗುಂಪು ಅದಕ್ಕಿಂತ ಗಟ್ಟಿ. ಜಪಾನಿನ ಸತ್ಸುಮಾ ಕಿತ್ತಳೆ ಹಿಮ ಬೀಳುವ ಚಳಿಯನ್ನೂ ಒಂದು ಮಟ್ಟದವರೆಗೆ ತಾಳುತ್ತದೆ.

ಅಮೆರಿಕದ ಫ್ಲಾರಿಡಾದಲ್ಲಿ 1894ರ ಡಿಸೆಂಬರ್ ಕೊನೆಯಲ್ಲಿ ಒಂದು ಸಲ, 1895ರ ಫೆಬ್ರುವರಿಯಲ್ಲಿ ಮತ್ತೊಂದು ಸಲ ಬಂದ ಹಿಮಗಾಳಿಗೆ ಅಲ್ಲಿನ ಕಿತ್ತಳೆ ತೋಟಗಳು ನೆಲಸಮವಾದವು. ಮೊದಲ ಪೆಟ್ಟಿನಿಂದ ಚೇತರಿಸಿಕೊಂಡು ಮರಗಳು ಎಳೆ ಚಿಗುರು ಬಿಟ್ಟಿದ್ದ ಹೊತ್ತಿಗೇ ಎರಡನೆಯದು ಬಂದದ್ದರಿಂದ ನಷ್ಟ ಇಮ್ಮಡಿಯಾಯಿತು. ಅಲ್ಲಿಂದ ಮುಂದೆ ಬೆಳೆಗಾರರು ದಕ್ಷಿಣದ ಬೆಚ್ಚನೆಯ ಸೀಮೆಗೆ ಸರಿದರು. ಹಿಮದ ರಾತ್ರಿ ಮರಗಳ ಮೇಲೆ ನೀರು ಸಿಂಪಡಿಸುವ ಉಪಾಯವನ್ನೂ ಕಂಡುಕೊಂಡರು. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖ ಹೊರಬಿಡುತ್ತದೆ. ನೀರು ಬೀಳುತ್ತಲೇ ಇದ್ದರೆ, ಮಂಜುಗಡ್ಡೆಯೊಳಗಿನ ರೆಂಬೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯದೆ ಬದುಕುತ್ತದೆ. ಎಳೆ ಗಿಡಗಳ ಬುಡಕ್ಕೆ ಕಸಿ ಗಂಟು ಮುಚ್ಚುವಷ್ಟು ಮಣ್ಣು ಏರಿಸುವುದು ಅವರ ಇನ್ನೊಂದು ಉಪಾಯ. ಮೇಲಿನದೆಲ್ಲ ಸತ್ತರೂ ಮಣ್ಣಿನೊಳಗೆ ಉಳಿದ ಕಸಿಭಾಗದಿಂದ ಮರ ಮತ್ತೆ ಚಿಗುರುತ್ತದೆ.

ಕೊಟ್ಟಿಗೆಹಾರದಲ್ಲಿ ಇಂಥ ಚಳಿ ಇಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಎಷ್ಟೇ ನಡುಕ ಹುಟ್ಟಿಸಿದರೂ ಹೆಪ್ಪುಗಟ್ಟುವ ಮಟ್ಟದಿಂದ ನಾವು ಬಹಳ ದೂರ ಇದ್ದೇವೆ. ಸುಮಾರು 13 ಡಿಗ್ರಿಗಿಂತ ಕೆಳಗೆ ನಿಂಬೆ ಜಾತಿಯ ಮರಗಳು ಬೆಳವಣಿಗೆ ನಿಲ್ಲಿಸಿ ವಿಶ್ರಾಂತಿಗೆ ಹೋಗುತ್ತವೆ, ಅಷ್ಟೆ. ಆ ವಿಶ್ರಾಂತಿಯಿಂದ ಎರಡು ಲಾಭ ಇದೆ.

ಮೊದಲನೆಯದು ಬಣ್ಣ. ಕಿತ್ತಳೆ ಸಿಪ್ಪೆಯ ಹಸಿರು ಕರಗಿ ಒಳಗಿನ ಹೊಂಬಣ್ಣ ಮೇಲೆ ಬರಬೇಕಾದರೆ ರಾತ್ರಿಗಳು ತಣ್ಣಗಿರಬೇಕು. ವರ್ಷವಿಡೀ ಸೆಕೆ ಇರುವ ಕಡೆ ಹಣ್ಣು ಒಳಗೆ ಪೂರ್ತಿ ಮಾಗಿದ್ದರೂ ಹೊರಗೆ ಹಸಿರಾಗಿಯೇ ಉಳಿಯುವುದು ಇದಕ್ಕೇ. ಘಟ್ಟದ ಕೆಳಗೂ ಮೇಲೂ ಒಂದೇ ಜಾತಿಯ ಗಿಡ ನೆಟ್ಟು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು. ಎರಡನೆಯದು ಹೂವು. ಚಳಿ ಮತ್ತು ಅದರ ಹಿಂದೆಯೇ ಬರುವ ಒಣಹವೆ ಮರದೊಳಗೆ ಮೊಗ್ಗಿನ ಸಿದ್ಧತೆ ನಡೆಸುತ್ತವೆ. ಮಾರ್ಚಿನಲ್ಲಿ ಕಾಫಿಗೆ ಹೂಮಳೆ ಬಿದ್ದಾಗ ಕಿತ್ತಳೆ, ಚಕ್ಕೋತಗಳೂ ಅರಳುವುದು ಕಾಕತಾಳೀಯವಲ್ಲ. ಬರ ಉಂಡ ಗಿಡ ನೀರು ಕಂಡೊಡನೆ ಹೂ ಬಿಡುವ ಒಂದೇ ಗುಣ ಎರಡಕ್ಕೂ ಇದೆ. ಹಾಗಾಗಿ ಜನವರಿ, ಫೆಬ್ರುವರಿಯಲ್ಲಿ ದೊಡ್ಡ ಮರಗಳಿಗೆ ದಿನಾ ಬಚ್ಚಲ ನೀರು ತಿರುಗಿಸುವುದು ಉಪಕಾರವಲ್ಲ. ಆ ಎರಡು ತಿಂಗಳು ಅವನ್ನು ಒಣಗಲು ಬಿಡಬೇಕು.

ಜಾಗ ಆರಿಸುವಾಗ ಮಾತ್ರ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೋಡವಿಲ್ಲದ ರಾತ್ರಿ ನೆಲದ ಶಾಖ ಆಕಾಶಕ್ಕೆ ಹೋಗಿ, ತಣಿದ ಭಾರದ ಗಾಳಿ ಇಳಿಜಾರಿನಲ್ಲಿ ಜಾರಿ ಗದ್ದೆಬಯಲಿಗೆ, ಹಳ್ಳದ ತಗ್ಗಿಗೆ ಬಂದು ಕೂರುತ್ತದೆ. ಬೆಳಿಗ್ಗೆ ಮಂಜು ಕೊನೆಗೆ ಕರಗುವುದು ಅಲ್ಲಿಯೇ. ಎಲೆ ಮಧ್ಯಾಹ್ನದವರೆಗೂ ಒದ್ದೆಯಾಗಿರುವ ಅಂಥ ಜಾಗದಲ್ಲಿ ಬೂದಿರೋಗ ಸುಲಭವಾಗಿ ಹತ್ತುತ್ತದೆ. ಮುಂಜಾನೆಯ ಬಿಸಿಲು ಬೀಳುವ ಮೂಡು ಮುಖದ ಇಳಿಜಾರು, ಅದೂ ಮಧ್ಯಭಾಗ, ಹುಳಿಮರಕ್ಕೆ ಎಲ್ಲಕ್ಕಿಂತ ಒಳ್ಳೆಯ ನೆಲೆ.

ಮೂರು ಮೂಲ ಪುರುಷರು, ಒಂದೇ ಹಿತ್ತಲು

ನಿಂಬೆ ಜಾತಿಯ ವಂಶವಾಹಿಗಳನ್ನು ಬಿಡಿಸಿ ನೋಡಿದ ವಿಜ್ಞಾನಿಗಳ ತಂಡವೊಂದು 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತನ್ನ ಫಲಿತಾಂಶ ಪ್ರಕಟಿಸಿತು. ಅದರ ಪ್ರಕಾರ ಈ ಕುಲ ಹುಟ್ಟಿದ್ದು ಹಿಮಾಲಯದ ಆಗ್ನೇಯ ತಪ್ಪಲಿನಲ್ಲಿ: ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಸೇರುವ ಸೀಮೆಯಲ್ಲಿ. ಇಂದು ಜಗತ್ತು ತಿನ್ನುವ ಬಹುಪಾಲು ಹುಳಿಹಣ್ಣುಗಳು ಮೂರು ಮೂಲ ಜಾತಿಗಳ ಬೆರಕೆಯಿಂದ ಬಂದವು: ಚಕ್ಕೋತ, ಕಿತ್ತಳೆ, ಮಾದಲ. ಮೂಸಂಬಿಯ ಗುಂಪು ಚಕ್ಕೋತ ಮತ್ತು ಕಿತ್ತಳೆಯ ಸಂತಾನ. ನಮ್ಮ ಸಣ್ಣ ನಿಂಬೆಗೆ ಮಾದಲ ಒಂದು ಕಡೆಯ ಹಿರಿಯ, ಇನ್ನೊಂದು ಕಡೆಯದು ಒಂದು ಕಾಡುಜಾತಿ. ಮೇಘಾಲಯದ ಗಾರೋ ಬೆಟ್ಟದ ನೋಕ್ರೆಕ್‌ನಲ್ಲಿ ಕಾಡು ಕಿತ್ತಳೆಗಳಿಗೆಂದೇ ಒಂದು ರಕ್ಷಿತ ಪ್ರದೇಶ ಇದೆ.

ಆ ಮೂರು ಮೂಲಗಳೂ ಮಲೆನಾಡಿನ ಒಂದೇ ಹಿತ್ತಲಲ್ಲಿ ಅಕ್ಕಪಕ್ಕ ನಿಂತಿರುವುದನ್ನು ನಾವು ದಿನಾ ನೋಡುತ್ತೇವೆ. ಜೇನ್ನೊಣ ಒಂದರ ಪರಾಗ ಇನ್ನೊಂದಕ್ಕೆ ಒಯ್ಯುತ್ತದೆ. ಊರೂರಿಗೆ ಆಕಾರ, ಹುಳಿ, ಘಮ ಬದಲಾಗುವ ಹೇರಳೆ, ಕಂಚಿ, ದೊಡ್ಲಿಗಳ ವೈವಿಧ್ಯವನ್ನು ಹೀಗೆ ಬೆರೆತ ವಂಶಗಳಿಂದ ಮನೆಮಂದಿ ತಲೆಮಾರುಗಟ್ಟಲೆ ಆರಿಸಿ ಉಳಿಸಿಕೊಂಡರು. ಇವುಗಳಲ್ಲಿ ಎಷ್ಟೋ ತಳಿಗಳಿಗೆ ನರ್ಸರಿಯಲ್ಲಿ ಸಸಿ ಇಲ್ಲ. ಮರ ಸತ್ತರೆ ತಳಿಯೂ ಹೋಯಿತು.

ಬೀಜದಿಂದ ಸಸಿ ಮಾಡುವವರು ಒಂದು ಗುಟ್ಟು ತಿಳಿದಿರಬೇಕು. ಕಿತ್ತಳೆ ಮತ್ತು ನಿಂಬೆಯ ಒಂದು ಬೀಜದಿಂದ ಎರಡು-ಮೂರು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ಪರಾಗದ ಸಂಬಂಧವೇ ಇಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಆದ್ದರಿಂದ ತಾಯಿಮರದ ಗುಣವನ್ನೇ ಹೊತ್ತು ಬರುತ್ತವೆ. ಅಜ್ಜಿಯರು ಕಿತ್ತಳೆ ತಿಂದು ಬೀಜ ಊರಿ ಅದೇ ರುಚಿಯ ಮರ ಪಡೆದದ್ದು ಹೀಗೆ. ಚಕ್ಕೋತ ಮತ್ತು ಮಾದಲದಲ್ಲಿ ಹಾಗಲ್ಲ: ಒಂದು ಬೀಜಕ್ಕೆ ಒಂದೇ ಭ್ರೂಣ, ಅದೂ ಬೆರಕೆಯದು. ಸಿಹಿ ಚಕ್ಕೋತದ ಬೀಜದಿಂದ ಕಹಿ ಚಕ್ಕೋತ ಬಂದರೆ ಮಣ್ಣನ್ನು ದೂರಬೇಕಿಲ್ಲ. ಅಂಥ ಮರ ಬೇಕಾದರೆ ಗೂಟಿ ಅಥವಾ ಕಣ್ಣು ಕಸಿಯೇ ದಾರಿ. ಬೀಜ ಯಾವುದೇ ಇರಲಿ, ಒಣಗಿಸಿ ಡಬ್ಬಿಯಲ್ಲಿಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಹಣ್ಣಿನಿಂದ ತೆಗೆದ ಒಂದೆರಡು ದಿನದಲ್ಲಿ ಊರಬೇಕು. ಬೀಜದ ಮರಕ್ಕೆ ಮುಳ್ಳು ಹೆಚ್ಚು, ಫಲಕ್ಕೆ ಆರು-ಎಂಟು ವರ್ಷ ಕಾಯಬೇಕು. ಕಸಿಯದು ಮೂರು-ನಾಲ್ಕು ವರ್ಷಕ್ಕೆ ಕಾಯಿ ಹಿಡಿಯುತ್ತದೆ.

ಬುಡದಲ್ಲಿ ನಿಂತ ನೀರು

ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ, ಅದರಲ್ಲಿ ದೊಡ್ಡ ಪಾಲು ಆರಿದ್ರಾದಿಂದ ಆಶ್ಲೇಷದವರೆಗೆ ಬಿಡದೆ ಹೊಡೆಯುವ ನಾಡು ನಮ್ಮದು. ಹುಳಿಮರದ ಆಹಾರ ಹೀರುವ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ವಾರಗಟ್ಟಲೆ ನೀರಿನಿಂದ ತುಂಬಿದರೆ, ಮಳೆಗಾಲವಿಡೀ ಕೆಸರಿನಲ್ಲಿ ನಿಂತವರ ಕಾಲ್ಬೆರಳ ಸಂದಿನ ಹಾಗೆ ಬೇರಿನ ತೊಗಟೆ ಮೆತ್ತಗಾಗುತ್ತದೆ. ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ ಕಾಯುವುದು ಆ ಗಳಿಗೆಯನ್ನೇ. ಅದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ನಿಂತ ನೀರಿದ್ದರೆ ಬೇರಿನಿಂದ ಬೇರಿಗೆ, ಗಿಡದಿಂದ ಗಿಡಕ್ಕೆ ಹೋಗುತ್ತವೆ.

ಮಲೆನಾಡಿನ ರೈತನಿಗೆ ಈ ವೈರಿ ಹೊಸಬನಲ್ಲ. ಅಡಿಕೆಗೆ ಕೊಳೆರೋಗ ತರುವುದು ಇದೇ ಕುಲದ ಜೀವಿ. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದಕ್ಕೆ ಬೋರ್ಡೋ ದ್ರಾವಣವನ್ನು ಮಲೆನಾಡಿನ ತೋಟಗಳಿಗೆ ತಂದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರದ ಹಿಂದೆಯೂ ಅವರ ಶ್ರಮ ಇತ್ತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಯ ರೋಗಕ್ಕೆ 1885ರಲ್ಲಿ ಮಿಲಾರ್ಡೆ ಪ್ರಕಟಿಸಿದ ಆ ಮದ್ದು ಇಂದಿಗೂ ಹಿತ್ತಲ ಹುಳಿಮರದ ಮೊದಲ ರಕ್ಷಣೆ.

ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ಸುಣ್ಣದ ನೀರನ್ನು ಕದಡುತ್ತಾ ಅದಕ್ಕೆ ತುತ್ತದ ನೀರು ಸುರಿಯಬೇಕು. ಹೊಳೆಯುವ ಕತ್ತಿಯಲಗನ್ನು ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಮಾಡಿದ ದಿನವೇ ಹೊಡೆದು ಮುಗಿಸಬೇಕು. ಮಳೆಗಾಲಕ್ಕೆ ಮುಂಚೆ ಒಂದು ಸಲ, ನಡುವೆ ಹೊಳವಾದಾಗ ಮತ್ತೊಂದು ಸಲ ಎಲೆ, ರೆಂಬೆ, ಕಾಂಡ ನೆನೆಯುವಂತೆ ಹೊಡೆದರೆ ಸಾಕು. ಇದೇ ತುತ್ತ-ಸುಣ್ಣವನ್ನು ಹತ್ತು ಲೀಟರ್ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಅದು ಮುಲಾಮು. ಅದನ್ನು ಬುಡದಿಂದ ಎರಡು-ಮೂರು ಅಡಿ ಎತ್ತರದವರೆಗೆ ಬಳಿಯಬೇಕು.

ಆದರೆ ನೆಡುವಾಗಲೇ ತಪ್ಪಿದರೆ ಯಾವ ಮದ್ದೂ ನಡೆಯುವುದಿಲ್ಲ. ಗುಂಡಿ ತೋಡಿ ತಗ್ಗಿನಲ್ಲಿ ಗಿಡ ಕೂರಿಸುವುದು ಬಯಲುಸೀಮೆಯ ಪದ್ಧತಿ, ಅಲ್ಲಿ ನೀರು ಹಿಡಿದಿಡಬೇಕು. ಇಲ್ಲಿ ನೀರು ಕಳಿಸಬೇಕು. ಗುಂಡಿಯನ್ನು ಮಣ್ಣು, ಕಾಂಪೋಸ್ಟ್ ತುಂಬಿ ನೆಲಮಟ್ಟಕ್ಕಿಂತ ಒಂದಡಿ ಎತ್ತರದ ದಿಬ್ಬ ಮಾಡಿ, ಅದರ ನೆತ್ತಿಯ ಮೇಲೆ ಸಸಿ ನೆಡಬೇಕು. ಕಸಿ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಬೇಕು. ಅಡಿಕೆ ತೋಟದಲ್ಲಿ ಕಪ್ಪು ಹೊಡೆಯುವಂತೆ ದಿಬ್ಬದ ಮೇಲ್ಬದಿಯಲ್ಲಿ ಒಂದು ಕಾಲುವೆ ತೆಗೆದು ಇಳಿಜಾರಿನ ನೀರು ಪಕ್ಕಕ್ಕೆ ಹೋಗುವಂತೆ ಮಾಡಬೇಕು. ನೆಡಲು ಹದ ಕಾಲ ಎರಡು: ರೋಹಿಣಿ, ಮೃಗಶಿರಾದ ಮೊದಲ ಹದಮಳೆ, ಇಲ್ಲವೇ ಮಳೆಯ ಅಬ್ಬರ ಇಳಿದ ಉತ್ತರೆಯ ಹೊತ್ತು.

ಫ್ಲಾರಿಡಾದವರು ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದುದನ್ನು ಮೇಲೆ ಹೇಳಿದೆ. ಹಿಮದ ನಾಡಿನಲ್ಲಿ ಗಿಡ ಉಳಿಸುವ ಆ ಕೆಲಸ ನಮ್ಮಲ್ಲಿ ಗಿಡ ಕೊಲ್ಲುತ್ತದೆ. ಆಷಾಢದ ಮಳೆಯಲ್ಲಿ ತೊಗಟೆಗೆ ಹತ್ತಿದ ಒದ್ದೆ ಮಣ್ಣು ಕೊಳೆಗೆ ನೇರ ದಾರಿ. ಬುಡಕ್ಕೆ ಸೆಗಣಿ ಗೊಬ್ಬರ ರಾಶಿ ಹಾಕುವುದೂ ಅಷ್ಟೇ ಕೆಟ್ಟದ್ದು. ಗೊಬ್ಬರ, ದರಗು ಎಲ್ಲವೂ ಕಾಂಡದಿಂದ ಒಂದಡಿ ಆಚೆ, ರೆಂಬೆಗಳ ನೆರಳಿನ ಅಂಚಿನವರೆಗೆ ಹರಡಿರಬೇಕು. ಅಲ್ಲಿ ಗುದ್ದಲಿ ಹಾಕಿ ಅಗೆಯಬಾರದು, ಮೇಲಿನ ಬೇರು ಕಡಿದರೆ ರೋಗಕ್ಕೆ ಬಾಗಿಲು ತೆರೆದಂತೆ. ಬೇರೆ ದೇಶದ ವಿಡಿಯೊ ನೋಡಿ ಕಲಿಯುವವರು ಮೊದಲು ಕೇಳಿಕೊಳ್ಳಬೇಕಾದ್ದು ಇದು: ಆ ಊರಿನಲ್ಲಿ ಗಿಡಕ್ಕೆ ಯಾವುದರಿಂದ ಸಾವು, ನಮ್ಮೂರಿನಲ್ಲಿ ಯಾವುದರಿಂದ?

ಬುಡದ ತೊಗಟೆ ಬಿರಿದು ಅಂಟು ಸೋರುವುದು, ಎಲೆಯ ನಡುನರ ಹಳದಿಯಾಗುವುದು, ಒಂದು ವರ್ಷ ಇದ್ದಕ್ಕಿದ್ದಂತೆ ಅತಿಯಾಗಿ ಹೂ ಬಿಡುವುದು ಕೊಳೆಯ ಲಕ್ಷಣಗಳು. ಅಷ್ಟಾದರೂ ಆಸೆ ಬಿಡಬೇಕಿಲ್ಲ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನಲ್ಲಿ 1873ರಲ್ಲಿ ಎಲೈಜಾ ಟಿಬೆಟ್ಸ್ ಎಂಬ ಮಹಿಳೆಗೆ ಬಂದ ಹೊಕ್ಕುಳ ಕಿತ್ತಳೆಯ ಸಸಿಯಿಂದ ಅಲ್ಲಿನ ಇಡೀ ಉದ್ಯಮ ಬೆಳೆಯಿತು. ಆ ತಾಯಿಮರ ಇದೇ ಕೊಳೆಗೆ ಸಿಕ್ಕಿ ಸೊರಗಿದಾಗ 1918ರಲ್ಲಿ ಅದರ ಸುತ್ತ ಹೊಸ ಸಸಿಗಳನ್ನು ನೆಟ್ಟು, ಅವುಗಳ ತುದಿಯನ್ನು ಮರದ ಆರೋಗ್ಯವಂತ ತೊಗಟೆಯೊಳಗೆ ಕಸಿ ಮಾಡಿ ಸೇರಿಸಿದರು. ಹೊಸ ಬೇರು ಸಿಕ್ಕ ಹಳೆಯ ಮರ ಇಂದಿಗೂ ಬದುಕಿದೆ. ನಮ್ಮ ಅಪರೂಪದ ಹೇರಳೆ, ಚಕ್ಕೋತ ಮರಗಳಿಗೂ ಈ ಬದಿ ಕಸಿ ಆಗಬಲ್ಲ ಕೆಲಸ.

ದುಡ್ಡು ಕೊಟ್ಟು ತರುವ ರೋಗ

ಕೊಡಗಿನಿಂದ ಮೂಡಿಗೆರೆಯವರೆಗೆ ಕಾಫಿ ತೋಟದ ಕಿತ್ತಳೆ ಒಂದು ಕಾಲಕ್ಕೆ ಕಾಫಿಯ ಜೊತೆಯ ಆದಾಯವಾಗಿತ್ತು. ಭೌಗೋಳಿಕ ಸೂಚಿಕೆ ಪಡೆದ ಕೊಡಗಿನ ಕಿತ್ತಳೆ ಇಂದು ತನ್ನ ಊರಿನಲ್ಲೇ ಅಪರೂಪವಾಗಿದೆ. ಕಾರಣಗಳಲ್ಲಿ ದೊಡ್ಡದು ಗ್ರೀನಿಂಗ್ ರೋಗ. ಮರದ ಆಹಾರನಾಳದಲ್ಲಿ ಮನೆ ಮಾಡುವ ಒಂದು ಬ್ಯಾಕ್ಟೀರಿಯಾ ಇದರ ಮೂಲ. ಎಳೆ ಚಿಗುರಿನ ರಸ ಹೀರುವ, ಎಳ್ಳಿಗಿಂತ ತುಸು ದೊಡ್ಡದಾದ ಸಿಲ್ಲಿಡ್ ಎಂಬ ಕೀಟ ಅದನ್ನು ಹರಡುತ್ತದೆ. ಭಾರತದಲ್ಲಿ ಈ ನಂಟನ್ನು ತೋರಿಸಿಕೊಟ್ಟದ್ದು 1967ರಲ್ಲಿ ಎಸ್.ಪಿ. ಕಪೂರ್ ಮತ್ತು ಸಂಗಡಿಗರು. ಅದೇ ರೋಗ 2005ರಲ್ಲಿ ಫ್ಲಾರಿಡಾದಲ್ಲಿ ಪತ್ತೆಯಾಯಿತು. ಹಿಮಗಾಳಿಗೂ ಜಗ್ಗದೆ ಮತ್ತೆ ಕಟ್ಟಿದ ಅಲ್ಲಿನ ತೋಟಗಾರಿಕೆ ಈ ರೋಗ ಬಂದ ಮೇಲೆ ಹಿಂದಿನ ಉತ್ತುಂಗದ ಹತ್ತನೇ ಒಂದು ಪಾಲಿಗೂ ಕೆಳಗಿಳಿದಿದೆ. ಹಿಮಕ್ಕೆ ಉಪಾಯ ಸಿಕ್ಕಿತು, ಇದಕ್ಕೆ ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ.

ರೋಗ ಗುರುತಿಸಲು ಎಲೆಯನ್ನು ನಡುನರದ ಮೇಲೆ ಮಡಿಚಿ ನೋಡಬೇಕು. ಎರಡು ಅರ್ಧಗಳಲ್ಲೂ ಹಳದಿ ಒಂದೇ ಸಮ ಇದ್ದರೆ ಅದು ಸತು, ಮೆಗ್ನೀಸಿಯಂನಂಥ ಪೋಷಕಾಂಶದ ಕೊರತೆ. ನಮ್ಮ ಹುಳಿಮಣ್ಣಿನಲ್ಲಿ ಅದು ಸಾಮಾನ್ಯ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ, ಸೂಕ್ಷ್ಮ ಪೋಷಕಾಂಶ ಕೊಟ್ಟರೆ ಸರಿಹೋಗುತ್ತದೆ. ಒಂದು ಅರ್ಧದ ಮಚ್ಚೆಗೂ ಇನ್ನೊಂದರದಕ್ಕೂ ತಾಳೆ ಇಲ್ಲದಿದ್ದರೆ, ಹಣ್ಣು ಸಣ್ಣದಾಗಿ ಸೊಟ್ಟಗೆ ಬೆಳೆದು ತಳಭಾಗ ಹಸಿರಾಗೇ ಉಳಿದರೆ ಗ್ರೀನಿಂಗ್ ಎಂದು ಅನುಮಾನಿಸಬೇಕು. ಅಂಥ ಮರವನ್ನು ಕಣ್ಣೀರಿಟ್ಟಾದರೂ ತೆಗೆದುಹಾಕಬೇಕು. ಉಳಿಸಿಕೊಂಡರೆ ನೆರೆಮನೆಯ ಮರಗಳಿಗೂ ಅದೇ ಗತಿ.

ಈ ಕೀಟ ಒಂದು ಹಿತ್ತಲಿಂದ ಇನ್ನೊಂದಕ್ಕೆ ಹಾರುವುದು ಸ್ವಲ್ಪ ದೂರ. ರೋಗ ಜಿಲ್ಲೆ ದಾಟುವುದು ಸಸಿಯ ಮೂಲಕ. ಸಂತೆಯಲ್ಲಿ, ರಸ್ತೆ ಬದಿಯ ಲಾರಿಯಲ್ಲಿ ಅಗ್ಗಕ್ಕೆ ಸಿಗುವ ಕಸಿ ಗಿಡದ ತಾಯಿಮರ ಯಾವುದೆಂದು ಮಾರುವವನಿಗೂ ಗೊತ್ತಿರುವುದಿಲ್ಲ. ಕೊಡಗಿನ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಕಿತ್ತಳೆಯ ಮೇಲೆ ದಶಕಗಳಿಂದ ಕೆಲಸ ಮಾಡಿದೆ. ನಮ್ಮ ಮೂಡಿಗೆರೆಯಲ್ಲೇ ಕೃಷಿ-ತೋಟಗಾರಿಕಾ ಸಂಶೋಧನಾ ಕೇಂದ್ರವೂ ತೋಟಗಾರಿಕಾ ಕಾಲೇಜೂ ಇವೆ. ಸಸಿ ಕೊಳ್ಳುವ ಮುಂಚೆ ಇಂಥ ಕಡೆ ಕೇಳಿ ತರುವುದು ಆರು ವರ್ಷದ ಆರೈಕೆಯನ್ನು ಉಳಿಸುತ್ತದೆ.

ಹಿತ್ತಲ ಕರಿಬೇವೂ ಇದೇ ಕುಟುಂಬದ ಗಿಡ. ಸಿಲ್ಲಿಡ್ ಕೀಟಕ್ಕೆ ಅದರ ಚಿಗುರು ಬಲು ಇಷ್ಟ. ಕರಿಬೇವನ್ನು ಕಿತ್ತೆಸೆಯಬೇಕಿಲ್ಲ; ಚಿಗುರು ಬಂದಾಗ ನೋಡಿ, ಕೀಟ ಕಂಡರೆ ಕೊನೆ ಚಿವುಟಿ ಬೇವಿನೆಣ್ಣೆ ಹೊಡೆದರೆ ಸಾಕು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಗಜನಿಂಬೆ, ಕರಿಬೇವುಗಳನ್ನು ಕುಂಡದಲ್ಲಿ ಬೆಳೆಸಿ ಚಳಿಗಾಲಕ್ಕೆ ಮನೆಯೊಳಗೆ ತರುತ್ತಾರೆ. ಊರಿಗೆ ಬಂದವರು ಹಿತ್ತಲ ಗಿಡದ ರೆಂಬೆ, ಸಸಿಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ಯಬಾರದು. ಕೀಟವೂ ರೋಗವೂ ಹಾಗೆಯೇ ಸಾಗರ ದಾಟುತ್ತವೆ.

ಹುಳು, ಇರುವೆ, ಬಂದಳಿಕೆ

ಎಲ್ಲ ಹುಳುವೂ ಶತ್ರುವಲ್ಲ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಮುಂದೆ ನಿಂಬೆ ಚಿಟ್ಟೆಯಾಗುತ್ತದೆ. ಕಪ್ಪು ರೆಕ್ಕೆಯ ಮೇಲೆ ನೀಲಿ ಹೊತ್ತ ದೊಡ್ಡ ನೀಲಿ ಮಾರ್ಮನ್ ಚಿಟ್ಟೆಯ ಮರಿಗಳಿಗೂ ಇದೇ ಕುಟುಂಬದ ಎಲೆ ಬೇಕು. ದೊಡ್ಡ ಮರಕ್ಕೆ ಇವುಗಳಿಂದ ನಷ್ಟವಿಲ್ಲ. ಎಳೆ ಸಸಿಯ ಮೇಲಿದ್ದರೆ ಎಲೆಸಮೇತ ತೆಗೆದು ದೊಡ್ಡ ಮರಕ್ಕೆ ಬಿಡಬಹುದು. ಎಲೆಯಲ್ಲಿ ಬೆಳ್ಳಿಗೆರೆ ಎಳೆಯುವ ರಂಗೋಲಿ ಹುಳು ಸಸಿಗಳಿಗೆ ಕಾಟ ಕೊಡುತ್ತದೆ; ಚಿಗುರಿನ ಹೊತ್ತಿಗೆ ಬೇವಿನೆಣ್ಣೆ ಅದಕ್ಕೂ ಆಗುತ್ತದೆ.

ನಾವು ಚಟ್ನಿ ಮಾಡಿ ತಿನ್ನುವ ಚಗಳಿ ಇರುವೆಯನ್ನು ದಕ್ಷಿಣ ಚೀನಾದ ರೈತರು ಕಿತ್ತಳೆ ಮರಗಳ ಕಾವಲಿಗೆ ಬಿಡುತ್ತಿದ್ದರು. ಕ್ರಿ.ಶ. 304ರದ್ದೆನ್ನಲಾದ ಒಂದು ಚೀನೀ ಗ್ರಂಥದಲ್ಲಿ ಆ ಇರುವೆಗೂಡುಗಳ ಮಾರಾಟದ ವಿವರ ಇದೆ. ಕೀಟದಿಂದ ಕೀಟವನ್ನು ತಡೆಯುವ ಪದ್ಧತಿಗೆ ಜಗತ್ತಿನಲ್ಲಿ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಅದೊಂದು. ಚಗಳಿ ಕೆಲವು ಅಂಟುಹುಳುಗಳನ್ನು ಸಾಕುವುದೂ ನಿಜ, ಆದರೂ ಕಂಡಕೂಡಲೇ ಗೂಡಿಗೆ ಬೆಂಕಿ ಇಡುವ ಅಗತ್ಯ ಇಲ್ಲ.

ಕೊಂಬೆಯ ಮೇಲಿನ ಪಾಚಿ ಮರದ ರಸ ಹೀರುವುದಿಲ್ಲ. ಬಂದಳಿಕೆ ಹೀರುತ್ತದೆ. ಅದನ್ನು ಹಕ್ಕಿಗಳು ಬೀಜ ಹರಡುವ ಮುಂಚೆ ಕೊಂಬೆಸಮೇತ ಕತ್ತರಿಸಬೇಕು. ಕಾಫಿಗೆ ಮರಗಸಿ ಮಾಡಿಸುವಾಗ ಕಿತ್ತಳೆಯ ನೆತ್ತಿಗೂ ಬಿಸಿಲು ಬೀಳುವಂತೆ ನೋಡಿಕೊಳ್ಳಬೇಕು. ದಟ್ಟ ನೆರಳಿನಲ್ಲಿ ಮರ ಎತ್ತರ ಬೆಳೆಯುತ್ತದೆ, ಕಾಯಿ ಹಿಡಿಯುವುದಿಲ್ಲ.

ಇಬ್ಬನಿ ಆರಿದ ಮೇಲೆ ಕೊಯ್ಲು

ಮಾವು, ಬಾಳೆ ಕಿತ್ತ ಮೇಲೂ ಹಣ್ಣಾಗುತ್ತವೆ. ಹುಳಿಹಣ್ಣು ಹಾಗಲ್ಲ. ಕಿತ್ತ ಗಳಿಗೆಯಲ್ಲಿ ಎಷ್ಟು ಸಿಹಿಯೋ ಅಷ್ಟೇ, ಹುಲ್ಲಿನಲ್ಲಿ ಮುಚ್ಚಿಟ್ಟರೂ ಹೆಚ್ಚುವುದಿಲ್ಲ. ಮಾರ್ಚಿನ ಹೂವಿನ ಕಿತ್ತಳೆ ಎಂಟು-ಒಂಬತ್ತು ತಿಂಗಳು ಮರದಲ್ಲಿದ್ದು, ಅರೇಬಿಕಾ ಕೊಯ್ಲಿನ ಗಡಿಬಿಡಿಯ ದಿನಗಳಲ್ಲೇ ಮಾಗುತ್ತದೆ. ಕೆಲಸದ ಒತ್ತಡದಲ್ಲಿ ಬಣ್ಣ ಬಂದದ್ದನ್ನೆಲ್ಲ ಒಂದೇ ದಿನ ಬಡಿದು ಇಳಿಸುವವರೇ ಹೆಚ್ಚು. ಬಣ್ಣ ಚಳಿಯ ಲೆಕ್ಕ ಹೇಳುತ್ತದೆ, ರುಚಿಯ ಲೆಕ್ಕ ಹೇಳುವುದಿಲ್ಲ. ಬಿಸಿಲು ಹೆಚ್ಚು ಬೀಳುವ ಕಡೆಯ ಒಂದು ಹಣ್ಣು, ಒಳಗಿನ ನೆರಳಿನ ಒಂದು ಹಣ್ಣು ಕಿತ್ತು ತಿಂದು ನೋಡಿ ತೀರ್ಮಾನಿಸಬೇಕು. ಕೈಗೆ ಭಾರವಾಗಿರುವುದು ರಸ ತುಂಬಿದ ಗುರುತು.

ಮುಂಜಾನೆ ಮಂಜಿನಲ್ಲಿ ಕೊಯ್ಯಬಾರದು. ರಾತ್ರಿಯಿಡೀ ನೀರು ಕುಡಿದು ಬಿಗಿದ ಸಿಪ್ಪೆಯ ಎಣ್ಣೆಚೀಲಗಳು ಬೆರಳು ತಾಗಿದರೂ ಒಡೆಯುತ್ತವೆ. ಸೋರಿದ ಎಣ್ಣೆ ಸಿಪ್ಪೆಯನ್ನೇ ಸುಟ್ಟು ಎರಡು ದಿನದಲ್ಲಿ ಕಂದು ಮಚ್ಚೆ ಮಾಡುತ್ತದೆ. ಇಬ್ಬನಿ ಪೂರ್ತಿ ಆರಿ ಬಿಸಿಲು ಏರಿದ ಮೇಲೆ ಕೊಯ್ದ ಹಣ್ಣು ಹೆಚ್ಚು ದಿನ ಬಾಳುತ್ತದೆ. ಕಿತ್ತಳೆಯನ್ನು ಎಳೆದರೆ ತೊಟ್ಟಿನ ಬಳಿ ಸಿಪ್ಪೆ ಹರಿದು, ಆ ತೂತಿನಿಂದ ಬೂಷ್ಟು ಒಳಗೆ ಹೋಗುತ್ತದೆ. ಸಣ್ಣ ಕತ್ತರಿಯಿಂದ ತೊಟ್ಟು ಕತ್ತರಿಸಿ, ಉಳಿದ ತುದಿ ಪಕ್ಕದ ಹಣ್ಣಿಗೆ ಚುಚ್ಚದಂತೆ ಮತ್ತೊಮ್ಮೆ ಸವರಿಕೊಳ್ಳಬೇಕು. ನೆಲಕ್ಕೆ ಬಿದ್ದದ್ದನ್ನು ಬುಟ್ಟಿಗೆ ಬೆರೆಸಬಾರದು.

ಎಲ್ಲ ಜಾತಿಗೂ ಒಂದೇ ಗಡುವು ಇಲ್ಲ. ಕಿತ್ತಳೆ ಮಾಗಿದ ಮೇಲೆ ಬಹಳ ದಿನ ಬಿಟ್ಟರೆ ಸಿಪ್ಪೆ ಊದಿ ತೊಳೆ ಒಣಗುತ್ತದೆ. ಹೇರಳೆ, ಗಜನಿಂಬೆಗಳನ್ನು ಬೇಕಾದಾಗ ಒಂದೆರಡು ಕಿತ್ತುಕೊಳ್ಳುತ್ತಾ ವಾರಗಟ್ಟಲೆ ಮರದಲ್ಲೇ ಇಟ್ಟುಕೊಳ್ಳಬಹುದು. ದಪ್ಪ ಸಿಪ್ಪೆಯ ಚಕ್ಕೋತ ಕೊಯ್ದ ಮೇಲೂ ಗಾಳಿಯಾಡುವ ಅಟ್ಟದಲ್ಲಿ ಕೆಡದೆ ಉಳಿಯುತ್ತದೆ.

ಹಣ್ಣಿನಿಂದ ಅಡುಗೆಮನೆಗೆ ಬರುವುದು ಬರಿ ರಸವಲ್ಲ. ಕಿತ್ತಳೆ ಸಿಪ್ಪೆಯ ಗೊಜ್ಜು, ಹೇರಳೆಕಾಯಿ ಚಿತ್ರಾನ್ನ, ಕಂಚಿ ಮತ್ತು ಮಾದಲದ ಉಪ್ಪಿನಕಾಯಿ ಈ ಮರಗಳನ್ನು ನಂಬಿ ಹುಟ್ಟಿದವು. ಒಲೆ ಆರಿಸಿದ ಮೇಲೆಯೇ ಹುಳಿ ಹಿಂಡಬೇಕೆಂದು ಹಿರಿಯರು ಹೇಳುವುದಕ್ಕೆ ಕಾರಣ ಇದೆ. ಈ ಹಣ್ಣುಗಳಲ್ಲಿ ಮೊದಲು ಕಹಿಯಲ್ಲದ ಒಂದು ವಸ್ತು ಇರುತ್ತದೆ. ರಸ ಹಿಂಡಿದ ಮೇಲೆ, ಹುಳಿಯ ಸಂಗದಲ್ಲಿ ಅದು ನಿಧಾನಕ್ಕೆ ಲಿಮೊನಿನ್ ಎಂಬ ಕಹಿಯಾಗಿ ಬದಲಾಗುತ್ತದೆ, ಶಾಖ ಅದನ್ನು ಚುರುಕುಗೊಳಿಸುತ್ತದೆ. ಬೆಳಿಗ್ಗೆ ಹಿಂಡಿಟ್ಟ ರಸ ಮಧ್ಯಾಹ್ನ ಕಹಿಯಾಗುವುದೂ ಇದರಿಂದಲೇ.

ಈ ಚಳಿಗಾಲದ ಕೆಲಸ

ಮಲೆನಾಡಿನ ಹುಳಿಮರಗಳನ್ನು ಉಳಿಸಲು ದೊಡ್ಡ ಯೋಜನೆಗೆ ಕಾಯಬೇಕಿಲ್ಲ. ಬಂಡವಾಳ ಒಂದು ಗುದ್ದಲಿ, ಒಂದು ಕತ್ತರಿ, ಸ್ವಲ್ಪ ತುತ್ತ-ಸುಣ್ಣ. ಕೊಯ್ಲು ಮುಗಿಯುವ ಹೊತ್ತಿಗೆ ನಿಮ್ಮ ಹಿತ್ತಲ ಮರದ ಬುಡ ನೋಡಿ. ಕಾಂಡಕ್ಕೆ ಒತ್ತಿದ ಮಣ್ಣು ಸರಿಸಿ, ಒಣರೆಂಬೆ ಕತ್ತರಿಸಿ, ಮಳೆಗಾಲದ ನೀರು ಯಾವ ದಿಕ್ಕಿನಿಂದ ಬಂದು ಎಲ್ಲಿ ನಿಲ್ಲುತ್ತದೆಂದು ಗುರುತು ಹಾಕಿ, ಈಗಲೇ ಕಾಲುವೆ ತೆಗೆಯಿರಿ. ಮೇ ಕೊನೆಗೆ ಮುಲಾಮು ಬಳಿಯಿರಿ.

ಆಮೇಲೆ ನಿಮ್ಮ ಊರಿನಲ್ಲಿ ಐವತ್ತು ಮಳೆಗಾಲ ಉಂಡೂ ಗಟ್ಟಿಯಾಗಿ ನಿಂತಿರುವ ಹೇರಳೆ, ಚಕ್ಕೋತ, ಕಂಚಿಯ ಮರ ಯಾವುದಿದೆ ಎಂದು ವಿಚಾರಿಸಿ. ಇಷ್ಟು ನೀರು, ಇಷ್ಟು ರೋಗ ದಾಟಿ ಬಂದ ಮರಕ್ಕೆ ಈ ಮಣ್ಣಿನಲ್ಲಿ ಬಾಳುವ ಗುಣ ಇರುವ ಸಾಧ್ಯತೆ ಹೆಚ್ಚು. ಎಲೆ ಮಡಿಚಿ ನೋಡಿ ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಮನೆಯವರನ್ನು ಕೇಳಿ, ಒಂದು ಗೂಟಿ ಕಟ್ಟಿ. ಒಂದು ಗಿಡ ನಿಮ್ಮ ಹಿತ್ತಲಿಗೆ, ಇನ್ನೊಂದು ಬೇರೆ ಊರಿನ ಪರಿಚಿತರ ಹಿತ್ತಲಿಗೆ ಹೋಗಲಿ. ಒಂದೇ ಕಡೆ ಇರುವ ತಳಿ ಒಂದೇ ಮಳೆಗಾಲದಲ್ಲಿ ಅಳಿಯಬಹುದು, ಹತ್ತು ಹಿತ್ತಲಲ್ಲಿ ಹಂಚಿಹೋದದ್ದು ಉಳಿಯುತ್ತದೆ.